ಅಳಿಸಿದ ಹೆಬ್ಬೆರಳು

ಆ ಚಿತ್ರವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ತೋಳು ಹರಿದ ಅಂಗಿಯ ಒಬ್ಬ ತಾಯಿ. ಅವಳ ಎರಡೂ ಭುಜಗಳಿಗೆ ಒರಗಿ, ಮುಖ ಮರೆಸಿಕೊಂಡ ಇಬ್ಬರು ಮಕ್ಕಳು. ಮಡಿಲಲ್ಲೊಂದು ಮಲಗಿದ ಕೂಸು. ಬಲಗೈಯ ಬೆರಳು ಕೆನ್ನೆಯನ್ನು ತಾಕಿಯೂ ತಾಕದಂತಿದೆ, ಕಣ್ಣು ಎಲ್ಲೋ ದೂರದಲ್ಲಿ. ಅಮೆರಿಕದ ಡೊರೊತಿಯಾ ಲ್ಯಾಂಗ್ 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊ ಎಂಬಲ್ಲಿ ತೆಗೆದದ್ದು. 'ವಲಸೆ ತಾಯಿ' ಎಂದೇ ಅದು ಜಗತ್ತಿಗೆಲ್ಲ ಪರಿಚಿತ. ಬಹಳ ವರ್ಷ ನಾನದನ್ನು ಎರಡನೆಯ ಮಾತಿಲ್ಲದೆ ಮೆಚ್ಚಿಕೊಂಡಿದ್ದೆ. ಈಗಲೂ ಮೆಚ್ಚುತ್ತೇನೆ. ಆದರೆ ಮೊದಲಿನಷ್ಟು ನಿಶ್ಚಿಂತೆಯಿಂದಲ್ಲ.

ಲ್ಯಾಂಗ್ ಆಗ ಸರ್ಕಾರದ ಪುನರ್ವಸತಿ ಇಲಾಖೆಗಾಗಿ ಹಳ್ಳಿಗಾಡಿನ ಬಡತನವನ್ನು ಚಿತ್ರಿಸುತ್ತಿದ್ದರು. ಬಾಲ್ಯದ ಪೋಲಿಯೋದಿಂದ ಒಂದು ಕಾಲು ಕುಂಟು. ತಿಂಗಳ ತಿರುಗಾಟ ಮುಗಿಸಿ ಮಳೆಯಲ್ಲಿ ಒಬ್ಬರೇ ಕಾರು ನಡೆಸಿಕೊಂಡು ಮನೆಗೆ ಹೊರಟಾಗ, ಬಟಾಣಿ ಬಿಡಿಸುವ ಕೂಲಿಗಳ ಬಿಡಾರದ ಫಲಕ ಕಂಡಿತು. ನಿಲ್ಲಿಸಲಿಲ್ಲ. ಇಪ್ಪತ್ತು ಮೈಲಿ ಮುಂದೆ ಹೋದ ಮೇಲೆ ಮನಸ್ಸು ತಡೆಯದೆ ಹಿಂತಿರುಗಿದರು. ಒಲೆಯ ಮೇಲೆ ಹಾಲಿಟ್ಟು ಬಂದವಳಿಗೆ ಆಗುವಂಥದೇ ತಳಮಳ ಇರಬೇಕು. ಹಿಮ ಬಿದ್ದು ಬೆಳೆ ಹಾಳಾಗಿತ್ತು, ಕೂಲಿಗಳಿಗೆ ಕೆಲಸವಿರಲಿಲ್ಲ.

ಅಲ್ಲಿ ತೆಗೆದ ಕೆಲವೇ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವರ ಕಸುಬು ಅರ್ಥವಾಗುತ್ತದೆ. ದೂರದಿಂದ ತೆಗೆದದ್ದರಲ್ಲಿ ಇಡೀ ಗುಡಾರವಿದೆ, ಒಳಗೆ ತೂಗುಕುರ್ಚಿಯಲ್ಲಿ ಬೆಳೆದ ಮಗಳೊಬ್ಬಳು ಕೂತಿದ್ದಾಳೆ. ಲ್ಯಾಂಗ್ ಹತ್ತಿರ ಹತ್ತಿರ ಬಂದಂತೆ ಸಂಸಾರವೆಲ್ಲ ಒಂದೊಂದಾಗಿ ಚೌಕಟ್ಟಿನಿಂದ ಆಚೆ ಹೋಗುತ್ತದೆ. ಆ ದೊಡ್ಡ ಹುಡುಗಿಯೂ ಹೋಗುತ್ತಾಳೆ. ಕೊನೆಗೆ ಉಳಿಯುವುದು ತಾಯಿಯ ಮುಖವೊಂದೇ. ಸಾನ್‌ಫ್ರಾನ್ಸಿಸ್ಕೋದಲ್ಲಿ ಉಳ್ಳವರ ಭಾವಚಿತ್ರ ತೆಗೆಯುವ ಸ್ಟುಡಿಯೋ ನಡೆಸಿದ್ದ ಕೈಗೆ, ಏನನ್ನು ಬಿಟ್ಟರೆ ಏನು ಎದ್ದು ಕಾಣುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. ಮಕ್ಕಳ ಮುಖ ಈ ಕಡೆ ತಿರುಗಿದ್ದಿದ್ದರೆ ನಮ್ಮ ಕಣ್ಣು ಅವರತ್ತ ಓಡುತ್ತಿತ್ತು.

ಇಷ್ಟು ಗಮನವಿಟ್ಟವರು ಹೆಸರನ್ನು ಮಾತ್ರ ಕೇಳಲಿಲ್ಲ. ಹೆಸರನ್ನಾಗಲಿ, ಕಥೆಯನ್ನಾಗಲಿ ತಾನು ಕೇಳಲಿಲ್ಲವೆಂದು 1960ರಲ್ಲಿ ಲ್ಯಾಂಗ್ ಅವರೇ ಬರೆದರು. ವಯಸ್ಸು ಮೂವತ್ತೆರಡು, ಏಳು ಮಕ್ಕಳ ತಾಯಿ, ಇಷ್ಟೇ ಅಡಿಬರಹ. ಅನ್ನಕ್ಕಾಗಿ ಕಾರಿನ ಟೈರುಗಳನ್ನೂ ಮಾರಿಕೊಂಡಿದ್ದರೆಂದು ಲ್ಯಾಂಗ್ ಹೇಳಿದ್ದನ್ನು ಆ ಮನೆಯವರು ಮುಂದೆ ಒಪ್ಪಲಿಲ್ಲ. ಅವರ ಪ್ರಕಾರ ಕಾರು ದಾರಿಯಲ್ಲಿ ಕೆಟ್ಟಿತ್ತು, ರಿಪೇರಿ ಮಾಡಿಸಲು ಗಂಡಸರು ಪಟ್ಟಣಕ್ಕೆ ಹೋಗಿದ್ದರು. ವಿಚಿತ್ರವೆಂದರೆ, ಗಂಡ ಪಾಲ್ ಟೇಲರ್ ಜೊತೆ ಲ್ಯಾಂಗ್ 1939ರಲ್ಲಿ ತಂದ ಪುಸ್ತಕದಲ್ಲಿ ವಲಸಿಗರ ಬಾಯಿಯ ಮಾತುಗಳನ್ನೇ ಚಿತ್ರಗಳ ಜೊತೆಗೆ ಕೊಟ್ಟಿದ್ದಾರೆ. ಬಡವರ ಮಾತು ಕೇಳುವ ತಾಳ್ಮೆ ಇಲ್ಲದವರಲ್ಲ. ಆ ದಿನ ಹತ್ತೇ ನಿಮಿಷ ಇದ್ದು ಹೊರಟುಬಿಟ್ಟರು.

ಚಿತ್ರ ಪತ್ರಿಕೆಗೆ ಬಂದದ್ದೇ ಬಿಡಾರಕ್ಕೆ 20,000 ಪೌಂಡ್ ಆಹಾರ ಹೋಯಿತು. ಇದು ಸಣ್ಣ ಮಾತಲ್ಲ. ನಾಲ್ಕು ದಿನ ಮಕ್ಕಳ ತಟ್ಟೆ ತುಂಬಿದ್ದರೆ ಅಡಿಬರಹದ ತಪ್ಪನ್ನು ಯಾರು ಎಣಿಸುತ್ತಾರೆ? ಆದರೆ ಆಹಾರ ಬರುವ ಹೊತ್ತಿಗೆ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಮುಂದಿನ ಊರಿಗೆ ಹೊರಟುಹೋಗಿದ್ದಳು.

ಅವಳ ಹೆಸರು ಫ್ಲಾರೆನ್ಸ್ ಥಾಂಪ್ಸನ್. ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನಾಂಗದವಳು. ಜನರಿಗೆ ಇದು ತಿಳಿದದ್ದು 1978ರಲ್ಲಿ, ಲ್ಯಾಂಗ್ ತೀರಿಕೊಂಡು ಹದಿಮೂರು ವರ್ಷಗಳಾದ ಮೇಲೆ. ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲ, ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದಳು. ಕಾಸು ಲ್ಯಾಂಗ್‌ಗೂ ಬರಲಿಲ್ಲವೆನ್ನಿ, ಅದು ಸರ್ಕಾರದ ಆಸ್ತಿ. ಆದರೆ ಕೀರ್ತಿ ಬಂತು. ಆ ಮಕ್ಕಳಿಗೆ ಬಂದದ್ದು ನಾಚಿಕೆ. 1983ರಲ್ಲಿ ಅವಳು ಹಾಸಿಗೆ ಹಿಡಿದಾಗ ಮಕ್ಕಳು ಸಹಾಯ ಬೇಡಿದರು. ಎಲ್ಲೆಲ್ಲಿಂದಲೋ ಹಣವೂ ಪತ್ರಗಳೂ ಬಂದವು. ಅವನ್ನು ಓದಿದ ಮೇಲೆ ಆ ಚಿತ್ರದ ಮೇಲಿನ ಮಕ್ಕಳ ಸಿಟ್ಟು ತುಸು ಇಳಿಯಿತಂತೆ. ಅದೇ ವರ್ಷ ಅವಳು ತೀರಿಕೊಂಡಳು.

ನಮ್ಮ ಪತ್ರಿಕೆಗಳಲ್ಲೂ ಬರ ಬಂದಾಗ ಕೊಡ ಹೊತ್ತ ಹೆಂಗಸಿನ ಚಿತ್ರ ಬರುತ್ತದೆ. ಅಡಿಯಲ್ಲಿ ಹಳ್ಳಿಯ ಹೆಸರಿದ್ದರೆ ಹೆಚ್ಚು. ಸನ್ಮಾನದ ಚಿತ್ರವಾದರೆ ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರೂ ಇರುತ್ತದೆ.

ಇನ್ನೊಂದು ಸಂಗತಿ. ಮೂಲ ಚಿತ್ರದ ಬಲತುದಿಯಲ್ಲಿ, ಕೆಳಗೆ, ಗುಡಾರದ ಕಂಬ ಹಿಡಿದ ಒಂದು ಹೆಬ್ಬೆರಳಿತ್ತು. ಕಣ್ಣಿಗೆ ಅಡ್ಡವೆಂದು ಲ್ಯಾಂಗ್ ಅದನ್ನು ನೆಗೆಟಿವ್‌ನಲ್ಲೇ ಅಳಿಸಿಸಿದರು. ದಾಖಲೆಯನ್ನು ತಿದ್ದಬಾರದೆಂದು ಮೇಲಧಿಕಾರಿ ರಾಯ್ ಸ್ಟ್ರೈಕರ್ ಬೇಸರಪಟ್ಟರು. ನನಗೂ ಅದೊಂದು ಬೇಕಿತ್ತು. ಅದು ಗುಡಾರ, ಮಳೆಗೆ ತೊಯ್ದ ಬಟ್ಟೆ, ಅದಕ್ಕೊಂದು ಕಂಬ ಬೇಕು, ಕಂಬಕ್ಕೊಂದು ಕೈ ಬೇಕು ಎಂದು ಹೇಳುತ್ತಿದ್ದದ್ದು ಆ ಬೆರಳೊಂದೇ. ಅಳಿಸಿದ್ದೂ ಪೂರ್ತಿ ಅಳಿಸಿಲ್ಲ. ಒಳ್ಳೆಯ ಅಚ್ಚೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ಮಸುಕಾಗಿ ಕಾಣುತ್ತದೆ.