ಬಿಟ್ಟಿ ಸಿಗುವ ನಕ್ಷೆ: ಪುಣೆಯ ಹೈಡ್ರಾಲಿಕ್ ಸಲಹಾವೃತ್ತಿಯ ವಿಮರ್ಶೆ

ಪುಣೆಯ ಪಿಂಪ್ರಿ, ಭೋಸರಿ, ಚಾಕಣ ಕೈಗಾರಿಕಾ ವಲಯಗಳಲ್ಲಿ ಲೋಹದ ತಗಡನ್ನು ಅಚ್ಚಿಗೊತ್ತುವ ಪ್ರೆಸ್ಸುಗಳನ್ನೂ ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರಗಳನ್ನೂ ನಡೆಸುವುದು ಬಹುಮಟ್ಟಿಗೆ ಪಂಪು ತಳ್ಳುವ ಎಣ್ಣೆ; ಆ ಎಣ್ಣೆ ಯಾವ ದಾರಿಯಲ್ಲಿ, ಎಷ್ಟು ಒತ್ತಡದಲ್ಲಿ, ಯಾವ ಕ್ಷಣದಲ್ಲಿ ಹರಿಯಬೇಕೆಂದು ನಿರ್ಧರಿಸುವ ವಾಲ್ವುಗಳ ಜೋಡಣೆಯೇ ಹೈಡ್ರಾಲಿಕ್ ಸರ್ಕ್ಯೂಟ್. ಯಂತ್ರದ ಗುಣವೂ ದೋಷವೂ ಹುಟ್ಟುವುದು ಈ ಜೋಡಣೆಯ ನಕ್ಷೆಯಲ್ಲಿ. ಆದರೆ ಇಲ್ಲಿನ ರೂಢಿಯಲ್ಲಿ ನಕ್ಷೆಗೆ ಪ್ರತ್ಯೇಕ ಬೆಲೆಯಿಲ್ಲ. ಪಂಪು, ಮೋಟರು, ಟ್ಯಾಂಕು, ವಾಲ್ವುಗಳನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿ 'ಪವರ್ ಪ್ಯಾಕ್' ಎಂದು ಮಾರುವವರು ಅದನ್ನು ಕೊಟೇಶನ್ನಿಗೆ ಲಗತ್ತಿಸಿ ಬಿಟ್ಟಿಯಾಗಿ ಕೊಡುತ್ತಾರೆ, ಕೊಳ್ಳುವವರು ಕೊನೆಯ ಪುಟದ ಮೊತ್ತವನ್ನಷ್ಟೇ ನೋಡುತ್ತಾರೆ.

ಈ ರೂಢಿಯ ಬೇರು ಪುಣೆಯ ಕೈಗಾರಿಕಾ ಚರಿತ್ರೆಯಲ್ಲಿದೆ. ಪಿಂಪ್ರಿಯಲ್ಲಿ ನೆಲೆಯೂರಿದ್ದ ಹೈಡ್ರಾಲಿಕ್ ಬಿಡಿಭಾಗ ತಯಾರಕ ಕಂಪನಿ ವಿಕರ್ಸ್ 1999ರಲ್ಲಿ ಈಟನ್ ಕಂಪನಿಯ ಪಾಲಾಯಿತು. 2021ರಲ್ಲಿ ಈಟನ್‌ನ ಹೈಡ್ರಾಲಿಕ್ ವಿಭಾಗವನ್ನು ಡ್ಯಾನ್‌ಫಾಸ್ ಕೊಂಡಿತು. ಬೆಂಗಳೂರಿನಲ್ಲಿ 1976ರಲ್ಲಿ ಯೂಕೆನ್ ಇಂಡಿಯಾ ಸ್ಥಾಪನೆಯಾಯಿತು. ಪುಣೆ-ಬೆಂಗಳೂರು ಹೆದ್ದಾರಿಯ ನಡುದಾರಿಯಲ್ಲಿರುವ ಬೆಳಗಾವಿಯಲ್ಲಿ ಪಾಲಿಹೈಡ್ರಾನ್ ಕಂಪನಿ ಪಂಪು, ವಾಲ್ವುಗಳ ತಯಾರಿಕೆಗೆ ಹೆಸರಾಯಿತು. ಹೀಗೆ ಈ ವಿದ್ಯೆಯನ್ನು ಹರಡಿದವರು ಬಿಡಿಭಾಗ ತಯಾರಕರೇ ಆದ್ದರಿಂದ, ಅವರ ಕ್ಯಾಟಲಾಗು ಮತ್ತು ಕೈಪಿಡಿಗಳೇ ಮೇಂಟೆನೆನ್ಸ್ ಎಂಜಿನಿಯರುಗಳ ಪಾಠಶಾಲೆಯಾದವು. ಈ ಉಪಕಾರ ಸಣ್ಣದಲ್ಲ. ಆದರೆ ಕ್ಯಾಟಲಾಗು ವಾಲ್ವು ಏನು ಮಾಡುತ್ತದೆಂದು ಹೇಳುವಷ್ಟು ಸ್ಪಷ್ಟವಾಗಿ, ಆ ವಾಲ್ವು ಬೇಕೇ ಎಂಬುದನ್ನು ಹೇಳುವುದಿಲ್ಲ.

ನಕ್ಷೆಯ ಒಂದು ಮೂಲೆಯನ್ನು ಹತ್ತಿರದಿಂದ ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ನೆಟ್ಟಗೆ ನಿಂತ ಸಿಲಿಂಡರ್ ಭಾರವನ್ನು ಎತ್ತಿ ಹಿಡಿದಿರುವಾಗ ಅದು ತಾನಾಗಿ ಇಳಿಯದಂತೆ ಪೈಲಟ್ ಚೆಕ್ ವಾಲ್ವನ್ನು ಇಡುವುದುಂಟು. ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ಈ ವಾಲ್ವು, ಎದುರು ಕೊಳವೆಯ ಒತ್ತಡ ಪೈಲಟ್ ದಾರಿಯಿಂದ ಬಂದು ತಳ್ಳಿದಾಗ ಮಾತ್ರ ಹಿಮ್ಮುಖವಾಗಿ ತೆರೆದುಕೊಳ್ಳುತ್ತದೆ. ಸಿಲಿಂಡರಿಗೆ ಹೋಗುವ ಎಣ್ಣೆಯ ದಿಕ್ಕು ಬದಲಿಸುವ, ಮೂರು ಸ್ಥಿತಿಗಳ ವಾಲ್ವನ್ನು ಐಎಸ್ಒ 1219ರ ಪದ್ಧತಿಯಂತೆ ಸಾಲಾಗಿ ನಿಂತ ಮೂರು ಚೌಕಗಳಿಂದ ಬರೆಯಲಾಗುತ್ತದೆ. ನಡುವಿನ ಚೌಕ ಯಂತ್ರ ನಿಂತಿರುವ ಸ್ಥಿತಿ. ಆ ಚೌಕದಲ್ಲಿ ನಾಲ್ಕೂ ದಾರಿಗಳನ್ನು ಮುಚ್ಚಿ ಬರೆದರೆ ಪೈಲಟ್ ಕೊಳವೆಯ ಒತ್ತಡ ಒಳಗೇ ಸಿಕ್ಕಿಕೊಂಡು, ಚೆಕ್ ವಾಲ್ವು ಕೂಡಲೇ ಮುಚ್ಚಿಕೊಳ್ಳದೆ, ಭಾರ ಮೆಲ್ಲನೆ ಜಾರುತ್ತದೆ; ಸಿಲಿಂಡರಿನ ಎರಡೂ ಕೊಳವೆಗಳು ಟ್ಯಾಂಕಿಗೆ ತೆರೆದಿರುವಂತೆ ಬರೆದರೆ ಅದು ನಿಂತಲ್ಲೇ ನಿಲ್ಲುತ್ತದೆ. ಕಾಗದದ ಮೇಲೆ ಇದು ಒಂದೆರಡು ಗೆರೆಗಳ ವ್ಯತ್ಯಾಸ. ಕಬ್ಬಿಣದಲ್ಲಿ ಅಷ್ಟೂ ಕಾಣದು, ಏಕೆಂದರೆ ಎರಡು ವಾಲ್ವುಗಳ ಮೈ ಒಂದೇ, ಬೋಲ್ಟಿನ ತೂತುಗಳೂ ಒಂದೇ, ಹೆಸರಫಲಕದ ಸಂಕೇತದಲ್ಲಿ ಒಂದು ಅಕ್ಷರವೋ ಅಂಕಿಯೋ ಬೇರೆ. ಸ್ಟೋರಿನಲ್ಲಿ ಇದ್ದದ್ದನ್ನು ತಂದು ಬಿಗಿದ ಫಿಟ್ಟರನನ್ನು ದೂರುವುದು ಸುಲಭ. ಆ ಅಕ್ಷರ ಏಕೆ ಮುಖ್ಯವೆಂದು ನಕ್ಷೆಯಲ್ಲಿ ಒಂದು ಸಾಲು ಬರೆಯದವನ ಹೊಣೆ ಅದಕ್ಕಿಂತ ದೊಡ್ಡದು.

ಇನ್ನೊಂದು ದೋಷ ಕರೆಂಟು ಬಿಲ್ಲಿನಲ್ಲಿ ಅಡಗಿರುತ್ತದೆ. ನಿಮಿಷಕ್ಕೆ 40 ಲೀಟರ್ ತಳ್ಳುವ ಪಂಪು 160 ಬಾರ್ ಒತ್ತಡದಲ್ಲಿ ದುಡಿಯುವಾಗ, ಎರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ ಸುಮಾರು 10.7 ಕಿಲೋವಾಟ್ ಶಕ್ತಿ ಎಣ್ಣೆಗೆ ಸೇರುತ್ತದೆ. ಪ್ರೆಸ್ಸು ಒತ್ತಿಹಿಡಿದು ಸುಮ್ಮನೆ ನಿಂತ ಹೊತ್ತಿನಲ್ಲಿ ಆ ಎಣ್ಣೆಯೆಲ್ಲ, ಒತ್ತಡ ಮಿತಿ ಮೀರದಂತೆ ಕಾಯುವ ರಿಲೀಫ್ ವಾಲ್ವಿನ ಮೂಲಕ ಟ್ಯಾಂಕಿಗೆ ಮರಳಿದರೆ ಅಷ್ಟೂ ಶಕ್ತಿ ಬಿಸಿಯಾಗಿ ಹೋಗುತ್ತದೆ, ಎಣ್ಣೆ ಒಂದೊಂದು ಸುತ್ತಿಗೆ ಒಂಬತ್ತು ಡಿಗ್ರಿಗೂ ಮಿಗಿಲಾಗಿ ಕಾಯುತ್ತದೆ. ಬೇಡಿಕೆಗೆ ತಕ್ಕಂತೆ ಹರಿವನ್ನು ತಗ್ಗಿಸಿಕೊಳ್ಳುವ ಪಂಪನ್ನೋ, ಒತ್ತಡವನ್ನು ಕೂಡಿಟ್ಟು ಕೊಡುವ ಅಕ್ಯುಮುಲೇಟರನ್ನೋ ಬಳಸಿದರೆ ಇದು ತಪ್ಪುತ್ತದೆ. ಆದರೆ ಆಗ ಕೊಟೇಶನ್ನಿನ ಮೊತ್ತ ಏರುವುದರಿಂದ, ಸಾಮಾನ್ಯವಾಗಿ ನಡೆಯುವುದು ಕೂಲರ್ ಒಂದನ್ನು ಹೆಚ್ಚುವರಿಯಾಗಿ ಮಾರುವ ಕೆಲಸ. ಬೆಂಕಿ ಹಚ್ಚಿದವನೇ ನೀರು ಮಾರಿದಂತೆ.

ಸ್ವತಂತ್ರ ಸಲಹೆಗಾರನ ಅಗತ್ಯ ಇರುವುದು ಇಲ್ಲಿ. ಈ ವೃತ್ತಿಗೆ ಬರುವ ದಾರಿಗಳು ಮುಖ್ಯವಾಗಿ ಎರಡು: ಕಾರ್ಖಾನೆಯ ಮೇಂಟೆನೆನ್ಸಿನಲ್ಲಿ ಹದಿನೈದು ಇಪ್ಪತ್ತು ವರ್ಷ ಎಣ್ಣೆಯಲ್ಲಿ ಕೈ ಅದ್ದಿದ ಮೇಲೆ ಹೊರಬರುವುದು, ಇಲ್ಲವೇ ಡೀಲರನ ಬಳಿ ಅಪ್ಲಿಕೇಶನ್ ಎಂಜಿನಿಯರಾಗಿ ಸೇರುವುದು. ಮೊದಲನೆಯವನ ಕಿವಿ ಪಂಪಿನ ಸದ್ದಿನಲ್ಲೇ ಗಾಳಿ ಸೇರಿದ್ದನ್ನು ಗುರುತಿಸುತ್ತದೆ, ಆದರೆ ಲೆಕ್ಕವನ್ನು ಬರೆದಿಡುವ ಅಭ್ಯಾಸ ಅವನಿಗೆ ಕಡಿಮೆ. ಎರಡನೆಯವನಿಗೆ ಲೆಕ್ಕ ಬರುತ್ತದೆ. ತಿಂಗಳ ಮಾರಾಟದ ಗುರಿಯೂ ಜತೆಗೇ ಬರುತ್ತದೆ. ಎಂಜಿನಿಯರಿಂಗ್ ಪದವಿಯಲ್ಲಿ ಹೈಡ್ರಾಲಿಕ್ಸ್ ಒಂದು ಪತ್ರಿಕೆಯ ಮಟ್ಟಿಗೆ ಇದ್ದರೂ, ಸರ್ಕ್ಯೂಟ್ ಬರೆದು ವಿವರಿಸಲು ಕೇಳುವಷ್ಟು ಸಲೀಸಾಗಿ, ತಪ್ಪು ಸರ್ಕ್ಯೂಟ್ ಕೊಟ್ಟು ಭಾರ ಎಲ್ಲಿ ಬೀಳುತ್ತದೆಂದು ಕೇಳುವ ಪ್ರಶ್ನೆ ಅಲ್ಲಿ ಹುಟ್ಟುವುದಿಲ್ಲ.

ಕಾನೂನಿನ ನೋಟವೂ ವಿಚಿತ್ರವಾಗಿದೆ. 1923ರ ಬಾಯ್ಲರ್ ಕಾಯ್ದೆಯ ಕಾಲದಿಂದ ಹಬೆಯ ಬಾಯ್ಲರು ಸರ್ಕಾರಿ ತಪಾಸಣೆಗೆ ಒಳಪಟ್ಟಿದೆ. 1972ರ ಕಾಯ್ದೆ ವಾಸ್ತುಶಿಲ್ಪಿಗಳ ನೋಂದಣಿಗೆ ವ್ಯವಸ್ಥೆ ಮಾಡಿದೆ. 200 ಬಾರ್ ಒತ್ತಡದ ಎಣ್ಣೆಯ ಸರ್ಕ್ಯೂಟ್ ಬರೆಯುವವನಿಗೆ ಅಂಥ ನೋಂದಣಿಯ ಕಡ್ಡಾಯವಿಲ್ಲ. ಸುರಕ್ಷತೆಯ ನಿಯಮಗಳನ್ನು ಹೇಳುವ ಐಎಸ್ಒ 4413 ಇದೆಯಾದರೂ, ಖರೀದಿ ಆದೇಶದಲ್ಲಿ ಅದನ್ನು ಹೆಸರಿಸದಿದ್ದರೆ ಕೇಳುವವರಿಲ್ಲ.

ಹೀಗಾಗಿ ಸಲಹೆಗಾರನನ್ನು ಕರೆಯುವುದು ಯಂತ್ರ ನಿಂತ ಮೇಲೆ. ಅವನು ಬಂದು ಮೊದಲು ಕೇಳುವುದು ನಕ್ಷೆಯನ್ನು. ಸಿಗುವುದು ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿದ, ಎಣ್ಣೆಯ ಬೆರಳಚ್ಚು ಮೆತ್ತಿದ ಜೆರಾಕ್ಸ್ ಪ್ರತಿ, ಅದರಲ್ಲಿ ನಂತರದ ಬದಲಾವಣೆಗಳ ಸುಳಿವೂ ಇರುವುದಿಲ್ಲ. ಅವನು ಕೊಳವೆಗಳನ್ನು ಹಿಂಬಾಲಿಸುತ್ತ ನಕ್ಷೆಯನ್ನು ಹೊಸದಾಗಿ ಬರೆದು, ನಡುವಿನ ಚೌಕವನ್ನು ತಿದ್ದಿ, ವಾಲ್ವೊಂದನ್ನು ಬದಲಿಸಲು ಹೇಳಿ ಹೋಗುತ್ತಾನೆ. ಜಿಎಸ್‌ಟಿ ಪಟ್ಟಿಯಲ್ಲಿ ಎಂಜಿನಿಯರಿಂಗ್ ಸಲಹೆಗೆ ತನ್ನದೇ ಸಂಕೇತವಿದ್ದರೂ, ಲೆಕ್ಕಪತ್ರ ವಿಭಾಗ ಅವನ ಬಿಲ್ಲನ್ನು ರಿಪೇರಿ ಖರ್ಚಿನ ಕೆಳಗೆ ಬರೆದುಕೊಳ್ಳುತ್ತದೆ.