ಮೂವತ್ತೆರಡರಲ್ಲಿ ಒಬ್ಬರು

ನದಿಮೂಲ, ಋಷಿಮೂಲ, ಸ್ತ್ರೀಮೂಲ ಕೇಳಬಾರದು ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಆದರೆ ಕೇಳುವುದನ್ನು ಯಾರೂ ಬಿಟ್ಟಿಲ್ಲ. ಹೆಣ್ಣು ನೋಡಲು ಹೋದಾಗ ಕೇಳುತ್ತಾರೆ, ಮನೆ ಬಾಡಿಗೆಗೆ ಕೊಡುವಾಗ ಕೇಳುತ್ತಾರೆ, ಈಚೀಚೆಗೆ ಸರಕಾರಗಳೂ ಕೇಳತೊಡಗಿವೆ. ಮೂಲ ಹುಡುಕುವ ಪುಸ್ತಕಗಳಿಗೆ ಓದುಗರ ಬರ ಯಾವತ್ತೂ ಬಂದಿಲ್ಲ. ಅಂಥ ಎರಡು ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಕೆಲವು ಮಾತು ಹೇಳಬೇಕೆನಿಸಿದೆ. ಒಂದು, ಅಲೆಕ್ಸ್ ಹೇಲಿಯವರ 'ರೂಟ್ಸ್' (1976). ಕನ್ನಡಕ್ಕೆ ಇದು 'ತಲೆಮಾರು' ಎಂಬ ಹೆಸರಿನಲ್ಲಿ ಬಂದಿದೆ. ಇನ್ನೊಂದು, ಶ್ರಾಬಣಿ ಬಸು ಅವರ 'ಸ್ಪೈ ಪ್ರಿನ್ಸೆಸ್' (2006). ಇದು ನೂರ್ ಇನಾಯತ್ ಖಾನ್ ಅವರ ಜೀವನಚರಿತ್ರೆ. ಮೊದಲನೆಯದು ಆಫ್ರಿಕಾ ಮೂಲದ ಅಮೆರಿಕನ್ ಕುಟುಂಬವೊಂದರ ತಲೆಮಾರುಗಳ ಕಥೆ. ಎರಡನೆಯದರ ನಾಯಕಿಯ ತಾಯಿ ಅಮೆರಿಕದವಳು. ತಂದೆಯ ಕಡೆಯ ಬೇರು ಶ್ರೀರಂಗಪಟ್ಟಣಕ್ಕೆ ಬಂದು ನಿಲ್ಲುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಕೂತು ಓದುವವರಿಗೆ ಎರಡನೆಯ ಪುಸ್ತಕ ದೂರದ್ದಲ್ಲ. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎನಿಸಿಕೊಂಡಿದ್ದ ಊರು ಅವರ ಪತನದ ನಂತರ ಕ್ಲೋಸ್‌ಪೇಟೆಯಾಯಿತು. ಬ್ಯಾರಿ ಕ್ಲೋಸ್ ಎಂಬ ಈ ಅಧಿಕಾರಿ 1799ರ ಮೈಸೂರು ಕಮಿಷನ್‌ನ ಸದಸ್ಯರಲ್ಲೊಬ್ಬ, ಆಮೇಲೆ ಮೈಸೂರಿನ ರೆಸಿಡೆಂಟ್. ಸುಲ್ತಾನರ ಮಕ್ಕಳುಮರಿಗಳನ್ನು ವೆಲ್ಲೂರು ಕೋಟೆಗೆ ಸಾಗಿಸುವ ವ್ಯವಸ್ಥೆ ಆದದ್ದು ಆ ಕಮಿಷನ್‌ನ ಕಾಲದಲ್ಲೇ. ಒಂದು ಕುಟುಂಬ ಊರು ಬಿಟ್ಟಿತು, ಅದನ್ನು ಬಿಡಿಸಿದವರಲ್ಲಿ ಒಬ್ಬನ ಹೆಸರು ಊರಿಗೆ ಬಂತು. ಮುಂದೆ ಆ ಹೆಸರೂ ಹೋಗಿ ರಾಮನಗರವಾಯಿತು. 2007ರಲ್ಲಿ ಆ ಹೆಸರಿನ ಜಿಲ್ಲೆಯೂ ಆಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಯಿತು. ಊರಿನ ವಂಶಾವಳಿಯನ್ನೂ ಲೇಖನಿ ಹಿಡಿದವರೇ ಬರೆಯುತ್ತಾರೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಮೊದಲು ಹೇಲಿಯವರ ಪುಸ್ತಕ. ಟೆನೆಸ್ಸಿ ರಾಜ್ಯದ ಹೆನ್ನಿಂಗ್ ಎಂಬ ಸಣ್ಣ ಊರಿನಲ್ಲಿ ಅಜ್ಜಿ ಸಿಂಥಿಯಾ ಮತ್ತು ಅವಳ ಓರಗೆಯ ಮುದುಕಿಯರು ಜಗಲಿಯಲ್ಲಿ ಕೂತು ಹಳೆಯ ಕಥೆ ಹೇಳುತ್ತಿದ್ದರು. ಆಫ್ರಿಕಾದಿಂದ ಹಿಡಿದು ತಂದಿದ್ದ ಹಿರಿಯನೊಬ್ಬ, ಅವನು ಬಿಡದೆ ಉಳಿಸಿಕೊಂಡ ತನ್ನ ಹೆಸರು, ಅವನು ಮಗಳಿಗೆ ಕಲಿಸಿಕೊಟ್ಟ ಕೆಲವು ಪದಗಳು. ಅಷ್ಟನ್ನೇ ಎಳೆಯಾಗಿ ಹಿಡಿದು ಹೇಲಿ ಗ್ಯಾಂಬಿಯಾದ ಜುಫೂರೆ ಎಂಬ ಹಳ್ಳಿಯವರೆಗೆ ಹೋದರು. ಅಲ್ಲಿ ವಂಶಾವಳಿ ಹಾಡುವ ಗ್ರಿಯೋ ಒಬ್ಬನ ಬಾಯಲ್ಲಿ ಕುಂಟಾ ಕಿಂಟೆಯ ಹೆಸರು ಕೇಳಿದೆನೆಂದು ಬರೆದರು. ನಮ್ಮ ಉತ್ತರದ ಸೀಮೆಯಲ್ಲಿ ಎತ್ತಿನ ಮೇಲೆ ಬಂದು ಒಕ್ಕಲು ಮನೆಗಳ ವಂಶ ಹೇಳುವ ಹೆಳವರನ್ನು ಕಂಡವರಿಗೆ ಗ್ರಿಯೋ ಅಪರಿಚಿತನೆನಿಸಲಾರ. 1977ರಲ್ಲಿ ಪುಸ್ತಕಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಅದೇ ವರ್ಷ ಅದರ ಟಿವಿ ರೂಪ ಎಂಟು ರಾತ್ರಿ ಅಮೆರಿಕವನ್ನು ಹಿಡಿದು ಕೂರಿಸಿತು.

ಆಮೇಲೆ ತಕರಾರುಗಳೂ ಬಂದವು. ಆ ಹಳ್ಳಿಯವನು ನಿಜವಾದ ಗ್ರಿಯೋ ಹೌದೇ ಎಂದು ಪತ್ರಕರ್ತರು ಕೇಳಿದರು. ಹಡಗು ದಡ ಸೇರಿದ 1767ಕ್ಕೂ ಮೊದಲೇ ಟೋಬಿ ಎಂಬ ಗುಲಾಮ ಆ ಮಾಲೀಕರ ದಾಖಲೆಯಲ್ಲಿದ್ದಾನೆ ಎಂದು ವಂಶಶೋಧಕರು ತೋರಿಸಿದರು. ಹೆರಾಲ್ಡ್ ಕೋರ್ಲ್ಯಾಂಡರ್ ಅವರ ಕಾದಂಬರಿಯಿಂದ ಭಾಗಗಳನ್ನು ಎತ್ತಿಕೊಂಡ ಮೊಕದ್ದಮೆ 1978ರಲ್ಲಿ ಹಣ ಕೊಟ್ಟು ಇತ್ಯರ್ಥವಾಯಿತು. ಇದನ್ನೆಲ್ಲ ಮುಚ್ಚಿಟ್ಟು ಪುಸ್ತಕವನ್ನು ಹೊಗಳುವುದು ಸರಿಯಲ್ಲ. ಇಷ್ಟಕ್ಕೇ ಅದನ್ನು ಬಿಸಾಡುವುದೂ ಸರಿಯಲ್ಲ. ಅಮೆರಿಕದ ಜನಗಣತಿಯಲ್ಲಿ ಗುಲಾಮರಾಗಿದ್ದವರ ಹೆಸರುಗಳು ಎಲ್ಲರೊಂದಿಗೆ ದಾಖಲಾದದ್ದು 1870ರಲ್ಲಿ. ಅದಕ್ಕೂ ಹಿಂದಿನ ಪಟ್ಟಿಗಳಲ್ಲಿ ಇರುವುದು ಮಾಲೀಕನ ಹೆಸರು. ಗುಲಾಮರಿಗೆ ವಯಸ್ಸು, ಲಿಂಗ, ಬಣ್ಣ ಅಷ್ಟೇ. ಕಾಗದವೇ ಕೈಬಿಟ್ಟವರು ಕಥೆಯನ್ನು ಹಿಡಿದುಕೊಳ್ಳದೆ ಇನ್ನೇನನ್ನು ಹಿಡಿದುಕೊಂಡಾರು? ಹೇಲಿಯ ತಪ್ಪಿರುವುದು ಕಥೆ ಕಟ್ಟಿದ್ದರಲ್ಲಲ್ಲ, ಕಟ್ಟಿದ ಕಥೆಗೆ ದಾಖಲೆಯ ಮೊಹರು ಒತ್ತಿದ್ದರಲ್ಲಿ.

ಇನ್ನು ನೂರ್. ಇವರು ಹುಟ್ಟಿದ್ದು 1914ರ ಜನವರಿ 1ರಂದು ಮಾಸ್ಕೋದಲ್ಲಿ. ತಂದೆ ಹಜರತ್ ಇನಾಯತ್ ಖಾನ್ ಬರೋಡಾದಲ್ಲಿ ಹುಟ್ಟಿದ ಸಂಗೀತಗಾರ, ಚಿಷ್ತಿ ಪರಂಪರೆಯ ಸೂಫಿ. 1910ರಲ್ಲಿ ಅಮೆರಿಕಕ್ಕೆ ಹೋದವರು. ತಾಯಿ ಓರಾ ರೇ ಬೇಕರ್ ನ್ಯೂ ಮೆಕ್ಸಿಕೋದವರು, ಮದುವೆಯ ನಂತರ ಅಮೀನಾ ಬೇಗಂ. ನೂರ್ ಬೆಳೆದದ್ದು ಪ್ಯಾರಿಸ್ ಬಳಿ. ಜಾತಕ ಕಥೆಗಳನ್ನು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದರು. ಮಹಾಯುದ್ಧ ಬಂದಾಗ ಬ್ರಿಟನ್ನಿನ ಗುಪ್ತ ಸಂಸ್ಥೆ ಸೇರಿ, 1943ರ ಜೂನ್‌ನಲ್ಲಿ ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿಗೆ ವೈರ್‌ಲೆಸ್ ಆಪರೇಟರ್ ಆಗಿ ಹೋದರು. ಆ ಕೆಲಸಕ್ಕೆ ಅಲ್ಲಿಗೆ ಹೋದ ಮೊದಲ ಹೆಂಗಸು ಅವರೇ. ಸಿಕ್ಕಿಬಿದ್ದರು, ಬಾಯಿ ಬಿಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಅವರನ್ನು ಗುಂಡಿಟ್ಟು ಕೊಂದರು. 1949ರಲ್ಲಿ ಬ್ರಿಟನ್ ಅವರಿಗೆ ಜಾರ್ಜ್ ಕ್ರಾಸ್ ಕೊಟ್ಟಿತು.

ಬಸು ಅವರು ಗುಪ್ತ ಕಡತಗಳನ್ನು ಶ್ರದ್ಧೆಯಿಂದ ಓದಿ ಈ ಬದುಕನ್ನು ಕಟ್ಟಿಕೊಟ್ಟಿದ್ದಾರೆ. ನೂರ್ ಬಗ್ಗೆ ಹಬ್ಬಿದ್ದ ಎಷ್ಟೋ ರಂಗುರಂಗಿನ ಸುದ್ದಿಗಳನ್ನು ಒರೆಸಿ ಹಾಕಿದ್ದು ಈ ಪುಸ್ತಕದ ದೊಡ್ಡ ಉಪಕಾರ. ಆದರೂ ಅದರ ಹೆಸರೇ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಯಾಕೆ 'ಪ್ರಿನ್ಸೆಸ್'? ನೂರ್ ಟಿಪ್ಪು ಸುಲ್ತಾನರ ವಂಶದವರು ಎಂಬ ಕಾರಣಕ್ಕೆ. ಕೊಂಡಿ ಹೀಗಿದೆ: ಟಿಪ್ಪುವಿನ ಮೊಮ್ಮಗಳು ಕಾಸಿಂ ಬೀ. ಸೆರೆಯಾದ ಮನೆತನದ ಈ ಹುಡುಗಿಯನ್ನು ನಂಬಿಗಸ್ತ ಸೇವಕರು ಗುಟ್ಟಾಗಿ ಪಾರುಮಾಡಿ ಮೈಸೂರಿಗೆ ತಂದರು. ಮೈಸೂರು ಅರಮನೆಯ ಮನ್ನಣೆ ಪಡೆದ ಗವಾಯಿ ಮೌಲಾ ಬಕ್ಷ್ ಆಕೆಯನ್ನು ನಿಕಾಹ್ ಮಾಡಿಕೊಂಡರು. ಅವರ ಮಗಳು ಖತೀಜಾ ಬೀ, ಖತೀಜಾರ ಮಗ ಇನಾಯತ್ ಖಾನ್, ಇನಾಯತರ ಮಗಳು ನೂರ್. ನೂರ್ ಅವರ ತಮ್ಮ ವಿಲಾಯತ್ ಖಾನ್ 1975ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸೂಫಿ ನೆಲೆಯೊಂದನ್ನು ಕಟ್ಟಿದರು. ಹಾಗಾಗಿ ಶ್ರೀರಂಗಪಟ್ಟಣದ ಈ ಬಳ್ಳಿ ಇವತ್ತು ಅಮೆರಿಕದಲ್ಲೂ ಹಬ್ಬಿದೆ.

ಕಾಸಿಂ ಬೀ ಎಂಬ ಕೊಂಡಿಗೆ ಆಧಾರ ಮನೆತನದ ನೆನಪು. ಅದರಲ್ಲಿ ಗುಟ್ಟು ಇದೆ, ಭಯವಿದೆ, ರಾತ್ರೋರಾತ್ರಿಯ ಪಯಣವಿದೆ. ಟಿಪ್ಪುವಿನ ಗಂಡುಮಕ್ಕಳನ್ನು 1806ರ ವೆಲ್ಲೂರು ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಲಾಗಿತ್ತು. ಅವರ ಪಿಂಚಣಿಯ ಲೆಕ್ಕ ಕಂಪನಿಯ ಕಾಗದಗಳಲ್ಲಿದೆ. ಕಿರಿಯ ಶಹಜಾದಾ ಗುಲಾಂ ಮೊಹಮ್ಮದ್ 1842ರಲ್ಲಿ ಧರ್ಮತಲಾದಲ್ಲಿ ಕಟ್ಟಿಸಿದ ಮಸೀದಿ ಈಗಲೂ ನಿಂತಿದೆ. ಗಂಡಸರಿಗೆ ಕಡತವಿದೆ, ಕಲ್ಲಿನ ಗುರುತಿದೆ. ಹುಡುಗಿಗೆ ಇರುವುದು ಅಜ್ಜಿಯಿಂದ ಮೊಮ್ಮಕ್ಕಳಿಗೆ ಬಂದ ಪಿಸುಮಾತು. ಹೇಲಿಯವರ ಜಗಲಿಯನ್ನು ಇಲ್ಲಿ ಓದುಗರು ನೆನೆಯಬೇಕು. ಅಲ್ಲಿಯೂ ಕೊಂಡಿ ಉಳಿದದ್ದು ಹೆಂಗಸರ ಬಾಯಲ್ಲಿ; ಕುಂಟಾನಿಂದ ಕತೆ ಇಳಿಯುವುದು ಅವನ ಮಗಳು ಕಿಜ್ಜಿಯ ಮೂಲಕ, ಹೇಲಿಗೆ ತಲುಪುವುದು ಸಿಂಥಿಯಾ ಮತ್ತು ಅವಳ ಮಗಳು ಬರ್ತಾಳ ಮೂಲಕ.

'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎನ್ನುವ ಗಾದೆ ನಮ್ಮದು. ಸಯ್ಯದರ ಮನೆಗಳಲ್ಲಿ ಜೋಪಾನವಾಗಿಟ್ಟ ಶಜರಾ ತೆಗೆದು ನೋಡಿದರೂ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಗೆರೆ ಇಳಿಯುತ್ತದೆ. ಈ ನಿಯಮದಂತೆ ನೋಡಿದರೆ ನೂರ್ ಟಿಪ್ಪುವಿನ ವಂಶಕ್ಕೆ ಸೇರುವುದೇ ಇಲ್ಲ. ಎರಡೆರಡು ಕಡೆ ಗೆರೆ ಹೆಣ್ಣಿನಿಂದ ಹಾದುಬಂದಿದೆ. ಹೀಗಿದ್ದೂ ನೂರ್ 'ನಮ್ಮವಳು' ಎಂದು ಹೆಮ್ಮೆಪಡುತ್ತೇವೆ. ಹೆಮ್ಮೆಗೆ ಬೇಕಾದಾಗ ಹೆಣ್ಣಿನ ಗೆರೆ ಒಪ್ಪಿಗೆ; ಆಸ್ತಿ, ಹೆಸರು, ಕುಲದ ಮಾತು ಬಂದಾಗ ಅದು ಹೊರಗು. ಬಸು ಅವರ ಪುಸ್ತಕ ಈ ಇಬ್ಬಂದಿಯನ್ನು ತೋರಿಸಬಹುದಿತ್ತು. ರಾಜಕುಮಾರಿಯ ಕಥೆಯ ಸೆಳೆತದಲ್ಲಿ ಅದು ಹಾಗೇ ದಾಟಿಹೋಗಿದೆ.

ಇನ್ನೊಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಟಿಪ್ಪುವಿನಿಂದ ನೂರ್‌ಗೆ ಐದು ತಲೆಮಾರು. ಒಬ್ಬ ಮನುಷ್ಯನಿಗೆ ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ ಐದನೆಯ ತಲೆಮಾರಿಗೆ ಹೋದರೆ 32 ಜನ. ಆ 32ರಲ್ಲಿ ಟಿಪ್ಪು ಒಬ್ಬರು. ಉಳಿದ 31 ಜನ ಯಾರು? ಅವರಲ್ಲಿ 16 ಜನ ಓರಾ ರೇ ಬೇಕರ್ ಕಡೆಯವರು. ನೂರ್ ಅವರ ಧೈರ್ಯದ ಮಾತು ಬಂದಾಗಲೆಲ್ಲ ಮೈಸೂರು ಹುಲಿಯ ರಕ್ತ ಎನ್ನುತ್ತಾರೆ. ಮನೆಯವರ ವಿರೋಧ ದಾಟಿ, ಸಮುದ್ರ ದಾಟಿ, ಬೇರೆ ದೇಶದ, ಬೇರೆ ಧರ್ಮದ ಗಾಯಕನನ್ನು 1913ರಲ್ಲಿ ಮದುವೆಯಾದ ಹುಡುಗಿಯ ಧೈರ್ಯ ಮಗಳಿಗೆ ಬಂದಿರಲಾರದೇ? ಅದನ್ನು ಯಾರೂ ಕೇಳುವುದಿಲ್ಲ. ಕುಂಟಾ ಕಿಂಟೆಯೂ ಹಾಗೆಯೇ. ಹೇಲಿಗೆ ಆ ತಲೆಮಾರಿನ 64 ಹಿರಿಯರಲ್ಲಿ ಅವನೊಬ್ಬ. ವಂಶ ಹುಡುಕುವವರು ನಿಜವಾಗಿ ಹುಡುಕುವುದು ಬೇರನ್ನಲ್ಲ, ತಮಗೆ ಬೇಕಾದ ಒಬ್ಬ ಹಿರಿಯನನ್ನು. ನಂದಿಬೆಟ್ಟದಲ್ಲಿ ಹುಟ್ಟಿ ರಾಮನಗರ, ಕನಕಪುರ ಹಾದು ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿಗೂ ಮೂಲ ಒಂದೇ ಎನ್ನುತ್ತಾರೆ. ದಾರಿಯುದ್ದಕ್ಕೂ ಅದಕ್ಕೆ ನೀರು ಕೂಡಿಸಿದ ಹಳ್ಳಕೊಳ್ಳಗಳನ್ನು ಎಣಿಸಿದವರು ಯಾರು?

ಮಾಗಡಿಯ ಕೆಂಪೇಗೌಡರ ಮನೆತನದ ಮಾತೂ ಇದಕ್ಕೆ ಹೊರತಲ್ಲ. 1728ರಲ್ಲಿ ಸಾವನದುರ್ಗ ಮೈಸೂರಿನವರ ಕೈಸೇರುವವರೆಗಿನ ನಾಡಪ್ರಭುಗಳ ಹೆಸರುಗಳು ಶಾಲೆಯ ಮಕ್ಕಳಿಗೂ ಗೊತ್ತು. ಆ ಮನೆಗೆ ಬಂದ ಹೆಂಗಸರಲ್ಲಿ ಜನರ ನೆನಪಿನಲ್ಲಿರುವುದು ಸೊಸೆ ಲಕ್ಷ್ಮೀದೇವಿ. ಕೋಟೆಯ ಬಾಗಿಲು ನಿಲ್ಲಲೆಂದು ಜೀವ ಕೊಟ್ಟಳು ಎಂಬ ಐತಿಹ್ಯದಿಂದಾಗಿ ಆಕೆಗೆ ಕೋರಮಂಗಲದಲ್ಲಿ ಗುಡಿಯಿದೆ. ವಂಶದ ಕಥೆಯೊಳಗೆ ಬರಲು ಹೆಣ್ಣು ಸಾಯಬೇಕಾಯಿತು.

ರಕ್ತದ ಗೆರೆಯೊಂದೇ ಗೆರೆಯಲ್ಲ ಎಂಬುದನ್ನೂ ಈ ಸೀಮೆಯೇ ಹೇಳಿಕೊಡುತ್ತದೆ. ಚನ್ನಪಟ್ಟಣದ ಅಬ್ಬೂರಿನಲ್ಲಿ ವ್ಯಾಸತೀರ್ಥರ ಗುರು ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಚನ್ನಪಟ್ಟಣದ ಅಕೀಲ್ ಶಾ ಖಾದ್ರಿಯವರ ದರ್ಗಾಕ್ಕೆ ಬರುವವರು ಅವರನ್ನು ಟಿಪ್ಪುವಿನ ಗುರುಗಳೆಂದು ನಂಬುತ್ತಾರೆ. ಕನಕಪುರದ ದೇಗುಲಮಠದಲ್ಲಿ ಗುರುವಿನಿಂದ ಶಿಷ್ಯನಿಗೆ ಪೀಠ ಇಳಿದುಬಂದಿದೆ. ಒಂದನ್ನು ಗುರುಪರಂಪರೆ ಎನ್ನುತ್ತಾರೆ, ಇನ್ನೊಂದನ್ನು ಸಿಲ್ಸಿಲಾ. ಉರ್ದುವಿನಲ್ಲಿ ರಕ್ತದ ಸಂಬಂಧಕ್ಕೆ ನಸಬ್ ಎಂಬ ಬೇರೆಯೇ ಮಾತಿದೆ. ಸಿಲ್ಸಿಲಾದಲ್ಲಿ ಯಾರ ಮಗ ಎಂದು ಕೇಳುವುದಿಲ್ಲ, ಯಾರಿಂದ ಕಲಿತೆ ಎಂದು ಕೇಳುತ್ತಾರೆ. ಚನ್ನಪಟ್ಟಣದ ಬೊಂಬೆಗಳೂ ಉಳಿದದ್ದು ಹೀಗೆ. ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಕುಶಲಕರ್ಮಿಗಳ ಹೆಸರು ಮಾತ್ರ ಜನರ ಬಾಯಲ್ಲಿಲ್ಲ. ಆಲೆಮರವನ್ನು ತಿರುಗಿಸಿ, ಅರಗಿನ ಬಣ್ಣ ಕೂರಿಸುವ ಕೈಗಳು ಮುಸ್ಲಿಮರಲ್ಲೂ ಇವೆ, ಹಿಂದೂಗಳಲ್ಲೂ ಇವೆ. ಕಸುಬು ಜಾತಿ ನೋಡಿ ಇಳಿಯಲಿಲ್ಲ, ಉಸ್ತಾದನಿಂದ ಶಾಗಿರ್ದನಿಗೆ ಇಳಿಯಿತು. ಇನಾಯತ್ ಖಾನರೂ ತಮ್ಮನ್ನು ಗುರುತಿಸಿಕೊಂಡದ್ದು ಹೈದರಾಬಾದಿನ ತಮ್ಮ ಮುರ್ಷಿದ್ ಅಬು ಹಾಶಿಂ ಮದನಿಯವರ ಸಿಲ್ಸಿಲಾದಿಂದ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಕೃತಿ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' (1965). ವಂಶದ ಶುದ್ಧಿಗಾಗಿ ಬದುಕನ್ನೇ ತೇಯ್ದ ಶ್ರೋತ್ರಿಯರಿಗೆ ತಾವು ನಂಬಿದ ವಂಶದ ರಕ್ತ ತಮ್ಮಲ್ಲಿಲ್ಲ ಎಂದು ಕೊನೆಗೆ ತಿಳಿಯುತ್ತದೆ. ಭೈರಪ್ಪನವರ ಉಳಿದ ವಿಚಾರಗಳ ಜೊತೆ ನಮ್ಮ ಜಗಳ ಏನೇ ಇರಲಿ, ಈ ಒಂದು ಹೊಡೆತ ಕಾದಂಬರಿಯನ್ನು ದೊಡ್ಡದು ಮಾಡಿದೆ. ಆದರೆ ಅಲ್ಲೂ ನೋವಿನ ತೂಕವೆಲ್ಲ ಶ್ರೋತ್ರಿಯರದು. ವಂಶ ಉಳಿಸಲು ಬೇರೊಬ್ಬನಿಂದ ಮಗುವನ್ನು ಹೆರಬೇಕಾದ ಆ ತಾಯಿಗೆ ಏನನಿಸಿತು? ಆಕೆಯ ಕಾದಂಬರಿಯನ್ನು ಇನ್ನೂ ಯಾರೋ ಬರೆಯಬೇಕಾಗಿದೆ.

ಇದೆಲ್ಲ ಸಾಹಿತ್ಯದ ಚರ್ಚೆ ಮಾತ್ರವಾಗಿದ್ದರೆ ನಾವು ಇಷ್ಟು ಉದ್ದ ಬರೆಯುತ್ತಿರಲಿಲ್ಲ. 2019ರ ಆಗಸ್ಟ್ 31ರಂದು ಬಂದ ಅಸ್ಸಾಮಿನ ಪೌರತ್ವ ನೋಂದಣಿಯ ಪಟ್ಟಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಇರಲಿಲ್ಲ. 1971ರ ಮಾರ್ಚ್ 24ಕ್ಕೆ ಮೊದಲಿನ ದಾಖಲೆಯಲ್ಲಿ ಹಿರಿಯರ ಹೆಸರು ತೋರಿಸಬೇಕಿತ್ತು, ಆ ಹಿರಿಯರಿಗೂ ತಮಗೂ ಇರುವ ಕೊಂಡಿಯನ್ನೂ ತೋರಿಸಬೇಕಿತ್ತು. ಶಾಲೆಗೆ ಹೋಗದೆ, ಎಳೆಯ ವಯಸ್ಸಿಗೇ ಮದುವೆಯಾಗಿ ಬೇರೆ ಊರು ಸೇರಿದ ಹೆಂಗಸರಿಗೆ ತಂದೆಯ ಮಗಳೆಂದು ಹೇಳಲು ಇದ್ದದ್ದು ಪಂಚಾಯತಿಯ ಒಂದು ಚೀಟಿ. 2017ರ ಫೆಬ್ರವರಿಯಲ್ಲಿ ಗುವಾಹಟಿ ಹೈಕೋರ್ಟ್ ಅದು ನಡೆಯುವುದಿಲ್ಲ ಎಂದಿತು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪರಿಶೀಲಿಸಿ ಬಳಸಬಹುದು ಎಂದಿತು. ನಡುವಿನ ಆ ಒಂಬತ್ತು ತಿಂಗಳು ಲಕ್ಷಾಂತರ ಹೆಂಗಸರು ಯಾರ ಮಕ್ಕಳೂ ಆಗಿರಲಿಲ್ಲ. ಕುಲಕ್ಕೆ ಹೊರಗು ಎಂದ ಗಾದೆ ದೇಶಕ್ಕೆ ಹೊರಗು ಎನ್ನುವವರೆಗೆ ಬಂದು ನಿಂತಿತ್ತು.

ಆದ್ದರಿಂದ ವಂಶದ ಕಥೆ ಬರೆಯುವವರಲ್ಲಿ ನಮ್ಮ ಬೇಡಿಕೆ ಎರಡೇ. ಒಂದು, ದಾಖಲೆ ಇರುವಲ್ಲಿ ದಾಖಲೆ ಎನ್ನಿ, ಮನೆಮಾತು ಇರುವಲ್ಲಿ ಮನೆಮಾತು ಎನ್ನಿ; ಮನೆಮಾತು ದಾಖಲೆಗಿಂತ ಕೀಳಲ್ಲ, ಬೇರೆ ಅಷ್ಟೇ. ಎರಡು, 32ರಲ್ಲಿ ಒಬ್ಬರನ್ನು ಎತ್ತಿಕೊಂಡಾಗ ಉಳಿದ 31 ಜನರ ಜಾಗವನ್ನು ಅಳಿಸಬೇಡಿ, ಖಾಲಿ ಬಿಡಿ. ಓದುಗರೂ ಒಂದು ಕೆಲಸ ಮಾಡಬಹುದು. ರಾಮನಗರದ ಗೂಡಿನ ಮಾರುಕಟ್ಟೆಯ ಸುತ್ತಲ ಮನೆಗಳಲ್ಲಿ ರೇಷ್ಮೆ ಎಳೆ ತೆಗೆದ ಅಜ್ಜಿಯರಿದ್ದಾರೆ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ನಾನಿಯರಿದ್ದಾರೆ. ಅವರ ತಾಯಿಯ ಹೆಸರೇನು, ಆ ತಾಯಿಯ ತಾಯಿಯ ಹೆಸರೇನು ಎಂದು ಕೇಳಿ ಬರೆದಿಟ್ಟುಕೊಳ್ಳಲಿ. ಮೂರನೆಯ ಹೆಸರಿಗೆ ಬರುವಷ್ಟರಲ್ಲಿ ಅಜ್ಜಿ ಸುಮ್ಮನಾಗಬಹುದು. ಆ ಜಾಗದಲ್ಲಿ ಯಾವ ಸುಲ್ತಾನನ ಹೆಸರನ್ನೂ ತುಂಬದೆ ಹಾಗೇ ಬಿಡುವುದು ಪ್ರಾಮಾಣಿಕತೆ.