ಬೇಸಗೆಯ ಓದು: ನಮ್ಮ ಪಟ್ಟಿ ತಪ್ಪಿದ್ದೆಲ್ಲಿ?

ಪರೀಕ್ಷೆಗಳು ಮುಗಿದು ಬೇಸಗೆಯ ರಜೆ ಬಂತೆಂದರೆ ಮುಂಬಯಿಯ ನಮ್ಮ ಕನ್ನಡಿಗರ ಮನೆಗಳು ಎರಡು ಪಂಗಡವಾಗುತ್ತವೆ. ಊರಿಗೆ ಹೋಗುವವರು ಹೋಗುತ್ತಾರೆ. ಹೋಗಲಾರದವರ ಮಕ್ಕಳು ಸಂಘದ ವಾಚನಾಲಯಕ್ಕೆ ಬರುತ್ತಾರೆ. ಬರುತ್ತಾರೆ ಎನ್ನುವುದಕ್ಕಿಂತ ತಂದೆತಾಯಿ ಕರೆತರುತ್ತಾರೆ ಎನ್ನುವುದೇ ಸರಿ. ಅವರಿಗಾಗಿ 'ರಜೆಯಲ್ಲಿ ಓದಬೇಕಾದ ಪುಸ್ತಕಗಳು' ಎಂದು ಒಂದು ಪಟ್ಟಿಯನ್ನು ಫಲಕದ ಮೇಲೆ ಅಂಟಿಸುವುದು ನಮ್ಮ ರೂಢಿ. ಈ ಬರಹ ಆ ಪಟ್ಟಿಯ ವಿಮರ್ಶೆ. ಪಟ್ಟಿ ಮಾಡಿದವರೂ ನಾವೇ ಆದ್ದರಿಂದ ಬೈದರೆ ನೊಂದುಕೊಳ್ಳುವವರು ಬೇರೆ ಯಾರೂ ಇಲ್ಲ.

ಹಿಂದಿನ ಪಟ್ಟಿಯ ತಲೆಯಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಮತ್ತು ಭೈರಪ್ಪನವರ 'ಪರ್ವ' (1979) ಇದ್ದವು. ಬುಡದಲ್ಲಿ ಪಂಚತಂತ್ರ, ತೆನಾಲಿ ರಾಮಕೃಷ್ಣ, ಈಸೋಪನ ಕಥೆಗಳು. ನಡುವೆ ಹೆಚ್ಚೇನೂ ಇರಲಿಲ್ಲ. ಫಲ ಏನಾಯಿತೆಂದು ರಿಜಿಸ್ಟರು ತೆರೆದು ನೋಡಿದೆವು. ದಪ್ಪ ಪುಸ್ತಕಗಳನ್ನು ಒಯ್ದವರು ಮಕ್ಕಳಲ್ಲ, ಅಪ್ಪಂದಿರು. ತೆಳ್ಳನೆಯವು ಮಕ್ಕಳ ಹೆಸರಿನಲ್ಲಿ ಹೋಗಿ ಎರಡೇ ದಿನಕ್ಕೆ ಮರಳಿದ್ದವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಂಥದೊಂದನ್ನು ಮೇಜಿನ ಮೇಲಿಟ್ಟು, "ಆಂಟೀ, ಇದು ನನ್ನ ತಮ್ಮನಿಗೆ ಸರಿ, ನನಗಲ್ಲ" ಎಂದಳು. ನಮ್ಮ ಪಟ್ಟಿಗೆ ಇದಕ್ಕಿಂತ ನೇರವಾದ ವಿಮರ್ಶೆ ಬೇಕಿರಲಿಲ್ಲ.

ತೊಡಕು ಇಲ್ಲಿದೆ. ನಮ್ಮ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಾರೆ. ಶಾಲೆಯಲ್ಲೇ ಮರಾಠಿ, ಹಿಂದಿ ಬರುತ್ತವೆ. ಕನ್ನಡವನ್ನು ಮಾತಾಡುತ್ತಾರೆ, ಆದರೆ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ಅವರ ಮನಸ್ಸಿಗೆ ಹದಿನಾಲ್ಕು ವರ್ಷ, ಅವರ ಕನ್ನಡ ಓದಿಗೆ ಆರು ವರ್ಷ. ಓದಿನ ವಯಸ್ಸು ನೋಡಿ ಪುಸ್ತಕ ಕೊಟ್ಟರೆ ಅವಮಾನ. ಮನಸ್ಸಿನ ವಯಸ್ಸು ನೋಡಿ ಕೊಟ್ಟರೆ ಹತ್ತನೆಯ ಪುಟದಲ್ಲಿ ಸುಸ್ತು. ನಾವು ಈ ಎರಡು ತಪ್ಪುಗಳನ್ನೂ ಒಂದೇ ಹಾಳೆಯಲ್ಲಿ ಮಾಡಿದ್ದೆವು. ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ, ಪ್ರತಿ ಓದುಗನಿಗೂ ಅವನದೇ ಪುಸ್ತಕ ಸಿಗಬೇಕೆಂಬುದೂ ಒಂದು. ನಮ್ಮ ಪಟ್ಟಿಯಲ್ಲಿ ಪುಸ್ತಕಗಳಿದ್ದವು, ಓದುಗ ಇರಲಿಲ್ಲ.

ಹಾಗಾದರೆ ವಾಕ್ಯ ಸರಳವಾಗಿದ್ದು ವಿಷಯ ಬೆಳೆದವರದ್ದಾಗಿರುವ ಪುಸ್ತಕ ಕನ್ನಡದಲ್ಲಿ ಇಲ್ಲವೇ? ಇವೆ. ಕೆಲವನ್ನು ಆರಿಸಿ, ಮಕ್ಕಳ ಕಣ್ಣಿನಿಂದ ಮತ್ತೆ ಓದಿ ನೋಡಿದೆವು.

ಮೊದಲನೆಯದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ಕೃಷಿ ಮಾಡಿಕೊಂಡಿರುವ ನಿರೂಪಕ, ವಿಜ್ಞಾನಿ ಕರ್ವಾಲೊ, ಊರವರೆಲ್ಲ ಉಡಾಳನೆಂದು ಕಡೆಗಣಿಸಿದ ಮಂದಣ್ಣ ಇವರೆಲ್ಲ ಸೇರಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಮಂದಣ್ಣನಲ್ಲಿ ಒಬ್ಬ ನಿಜವಾದ ಜೀವವಿಜ್ಞಾನಿಯನ್ನು ಕಾಣುವವರು ಕರ್ವಾಲೊ ಒಬ್ಬರೇ. ಅಂಕಪಟ್ಟಿಯಿಂದಲೇ ಮನುಷ್ಯರನ್ನು ಅಳೆಯುವ ಮನೆಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಈ ಒಂದು ಸಂಗತಿ ಸಾಕು. ಕೊನೆಗೆ ಓತಿ ಕೈಗೆ ಸಿಗುವುದಿಲ್ಲ, ಕಣಿವೆಯ ಮೇಲೆ ತೇಲಿಹೋಗುತ್ತದೆ. ಸಾಹಸದ ಕಥೆಯೆಂದರೆ ಗೆಲ್ಲಲೇಬೇಕು ಎಂದುಕೊಂಡವರಿಗೆ ಇದು ಮೊದಲು ನಿರಾಸೆ, ಆಮೇಲೆ ಯೋಚನೆ. ಕುಂದು ಒಂದೇ: ಜೇನು, ತೋಟ, ಕಾಡಿನ ಕೆಲವು ಮಾತುಗಳು ಪಟ್ಟಣದ ಮಕ್ಕಳಿಗೆ ತಿಳಿಯುವುದಿಲ್ಲ. ಅಂಥವರು ಮೊದಲು ಅವರದೇ 'ಪರಿಸರದ ಕತೆ'ಯನ್ನು ಹಿಡಿಯಲಿ. ಬಿಡಿಬಿಡಿ ಬರಹಗಳು, ಒಂದು ಕೂತಲ್ಲಿ ಒಂದು ಮುಗಿಯುತ್ತದೆ, ಮುಗಿಸಿದೆನೆಂಬ ಧೈರ್ಯವೂ ಬರುತ್ತದೆ.

ಎರಡನೆಯದು ಕೈಲಾಸಂ ಅವರ 'ಟೊಳ್ಳುಗಟ್ಟಿ'. ನೂರು ವರ್ಷ ದಾಟಿದ ನಾಟಕವನ್ನು ಈಗಿನವರಿಗೇಕೆ ಎಂದು ನಮ್ಮಲ್ಲೇ ಕೆಲವರು ಕೇಳಿದರು. ಪುಸ್ತಕದ ಹುಳುವಾದ ಪುಟ್ಟು, ಪರೀಕ್ಷೆಯಲ್ಲಿ ಹಿಂದೆ ಬೀಳುವ ಮಾಧು. ಮನೆಗೆ ಬೆಂಕಿ ಬಿದ್ದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂದು ಗೊತ್ತಾಗುತ್ತದೆ. ಫಲಿತಾಂಶ ಕಾಯುತ್ತಾ ಕುಳಿತ ಮಕ್ಕಳಿಗೆ ಇದು ಹಳೆಯದು ಹೇಗಾದೀತು? ಇನ್ನೊಂದು ಅನುಕೂಲವೂ ಉಂಟು. ಕೈಲಾಸಂ ಅವರ ಪಾತ್ರಗಳು ಆಡುವುದು ಇಂಗ್ಲಿಷ್ ಬೆರೆತ ಕನ್ನಡ. "ನಿಮ್ಮ ಕನ್ನಡ ಕಲಬೆರಕೆ" ಎಂದು ನಾವು ದಿನವೂ ಗದರಿಸುವ ಮಕ್ಕಳಿಗೆ, ಅಂಥ ಮಾತೇ ಸಾಹಿತ್ಯವಾಗಿದೆ ಎಂದು ತಿಳಿದರೆ ಸಂಕೋಚ ಸ್ವಲ್ಪ ಬಿಟ್ಟೀತು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಹಂಚಿ ಸುತ್ತ ಕೂರಿಸಿ ಓದಿಸಬಹುದು. ತನ್ನ ಸರದಿಗೆ ಬರುವುದು ಒಂದೆರಡು ಸಾಲು ಮಾತ್ರ. ತಡವರಿಸಿದರೂ ಅಳುಕಿಲ್ಲ, ಎಲ್ಲರೂ ನಗುತ್ತಾರೆ, ಆಟ ಮುಂದೆ ಹೋಗುತ್ತದೆ.

ಮೂರನೆಯದು ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು. ಗೋಕರ್ಣದಿಂದ ಈ ಊರಿಗೆ ಬಂದು ಔಷಧ ಕಂಪನಿಯಲ್ಲಿ ದುಡಿದವರು ಕಂಡ ಮುಂಬಯಿ ಇದು. ಕನ್ನಡ ಪುಸ್ತಕವೆಂದರೆ ಮಲೆನಾಡು, ಬಯಲುಸೀಮೆ, ಅಜ್ಜಿಮನೆ, ಅಂದರೆ ತಾನಿಲ್ಲದ ಜಾಗ ಎಂದು ನಂಬಿದ ಹುಡುಗನಿಗೆ, ತಾನು ದಿನವೂ ನೋಡುವ ಲೋಕಲ್ ಗಾಡಿ, ಚಾಳು, ಇರಾನಿ ಹೋಟೆಲು ಕನ್ನಡ ಅಕ್ಷರದಲ್ಲಿ ಎದುರಾದರೆ ಆಗುವ ಬೆರಗೇ ಬೇರೆ. 'ದಗಡೂ ಪರಬನ ಅಶ್ವಮೇಧ'ದಲ್ಲಿ ಮದುವೆಯ ಕುದುರೆ ವರನನ್ನು ಹೊತ್ತು ಓಡುವುದನ್ನು ಓದಿ ನಗದವರು ಕಡಿಮೆ. ಎಲ್ಲ ಕಥೆಗಳೂ ಚಿಕ್ಕವರಿಗೆ ತಕ್ಕವಲ್ಲ, ಆರಿಸಿ ಕೊಡಬೇಕು. ಇವುಗಳಲ್ಲಿ ಕೆಲವನ್ನು ತೇಜಸ್ವಿನಿ ನಿರಂಜನ ಅವರು ಇಂಗ್ಲಿಷಿಗೆ ತಂದ 'ನೋ ಪ್ರೆಸೆಂಟ್ಸ್ ಪ್ಲೀಸ್' 2018ರ ಡಿ.ಎಸ್.ಸಿ. ಬಹುಮಾನ ಪಡೆಯಿತು. ಇಂಗ್ಲಿಷಿನಲ್ಲಿ ಮೊದಲು ಓದಿ ಆಮೇಲೆ ಕನ್ನಡ ಹಿಡಿದರೆ ಹಿರಿಯರು ಮುಖ ಸಿಂಡರಿಸಬಾರದು. ದಾರಿ ಯಾವುದಾದರೇನು, ಮನೆ ಸೇರಿದರಾಯಿತು.

ನಾಲ್ಕನೆಯದು ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ'. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಕೊಟ್ಟ ಕೃತಿ. ಪಠ್ಯಪುಸ್ತಕದ ಗಾಂಧಿಯಿಂದ ಬೇಸತ್ತವರಿಗೆ ಇಲ್ಲಿ ಬೇರೊಬ್ಬ ಗಾಂಧಿ ಸಿಗುತ್ತಾರೆ. ಇದು ಎಂಟನೆಯ ತರಗತಿಯವರಿಗೂ ಎಟುಕುವ ಕನ್ನಡ.

ಇಷ್ಟು ಬರೆದು ನೋಡಿದಾಗ ನಮ್ಮ ಹೊಸ ಪಟ್ಟಿಯ ದೋಷವೂ ಕಣ್ಣಿಗೆ ಬಿತ್ತು. ಮಂದಣ್ಣ, ಮಾಧು, ದಗಡೂ, ಗಾಂಧಿ: ಎಲ್ಲರೂ ಗಂಡಸರು. ವಾಚನಾಲಯಕ್ಕೆ ಬರುವ ಮಕ್ಕಳಲ್ಲಿ ಹುಡುಗಿಯರೇ ಹೆಚ್ಚು. ಅವರಿಗೆ ವೈದೇಹಿಯವರ ಕಥೆಗಳನ್ನು ಸೇರಿಸಿದೆವು. 'ಅಮ್ಮಚ್ಚಿಯೆಂಬ ನೆನಪು' ಕಥೆಯ ಅಮ್ಮಚ್ಚಿಯ ಹಟ, ನಗು, ಅವಳನ್ನು ಕಟ್ಟಿಹಾಕುವ ಮನೆ ಇವನ್ನು ಯಾವ ಕಾಲದ ಹುಡುಗಿಯೂ ಗುರುತಿಸಿಯಾಳು. ಅವರ ಕಥೆಗಳನ್ನಾಧರಿಸಿ ಅದೇ ಹೆಸರಿನ ಚಲನಚಿತ್ರ 2018ರಲ್ಲಿ ಬಂದಿದೆ. ವೈದೇಹಿಯವರ ಪಾತ್ರಗಳ ಕುಂದಾಪುರ ಕನ್ನಡ ನಮ್ಮ ಎಷ್ಟೋ ಸದಸ್ಯರ ಅಡುಗೆಮನೆಯ ಮಾತು. ಗ್ರಾಂಥಿಕ ಕನ್ನಡಕ್ಕೆ ಹೆದರುವ ಹುಡುಗಿ "ಅಯ್ಯೋ, ಇದು ನಮ್ಮ ಅಮ್ಮಮ್ಮ ಮಾತಾಡಿದ ಹಾಗೇ ಇದೆ" ಎಂದು ಓದು ಮುಂದುವರಿಸಿದರೆ ಆಶ್ಚರ್ಯವಿಲ್ಲ.

ಪ್ರಕಾಶಕರಿಗೂ ಒಂದು ಮಾತು. ಮೇಲಿನವುಗಳಲ್ಲಿ ಹೆಚ್ಚಿನವು ಹದಿಹರೆಯದವರಿಗೆಂದು ಬರೆದವಲ್ಲ. ದೊಡ್ಡವರ ಕಪಾಟಿನಿಂದ ನಾವು ಎರವಲು ತಂದವು. ಪುಟ್ಟ ಮಕ್ಕಳ ಪದ್ಯಗಳಿಗೆ ನಮ್ಮಲ್ಲಿ ಬರವಿಲ್ಲ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಒಬ್ಬರೇ ಬರೆದು ಮುಗಿಸಿದರು. ಆದರೆ ಹದಿಮೂರರಿಂದ ಹದಿನೇಳರವರೆಗಿನವರನ್ನು ಎದುರಿಗೆ ಕೂರಿಸಿಕೊಂಡು ಬರೆದ ಕಾದಂಬರಿಗಳನ್ನು ಇಂದಿಗೂ ಹುಡುಕಿ ಹುಡುಕಿ ತರಬೇಕಾಗಿದೆ. ಸ್ವಲ್ಪ ದೊಡ್ಡ ಅಕ್ಷರ, ಕೊನೆಯಲ್ಲಿ ಎರಡು ಪುಟದ ಪದಕೋಶ ಇಷ್ಟಾದರೂ ಇದ್ದರೆ ಹೊರನಾಡಿನ ಓದುಗ ಅರ್ಧದಲ್ಲಿ ಕೈಬಿಡುವುದಿಲ್ಲ. ಲಿಪಿಯೇನೂ ಬೆಟ್ಟವಲ್ಲ. ದೇವನಾಗರಿ ಬಲ್ಲ ಮಗುವಿಗೆ ಅಕ್ಷರಮಾಲೆಯ ಕ್ರಮ ಮೊದಲೇ ಗೊತ್ತು. ಎಡವುವುದು ಹೆಚ್ಚಾಗಿ ಅಕ್ಷರದ ಕೆಳಗೆ ಬರುವ ಒತ್ತುಗಳಲ್ಲಿ. ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದಿಸಿದರೆ ರಜೆ ಮುಗಿಯುವುದರೊಳಗೆ ಆ ಎಡವು ನಿಲ್ಲುತ್ತದೆ.

ಎಷ್ಟು ಪುಸ್ತಕ ಓದಿದೆ ಎಂದು ಎಣಿಸಿ ಬಹುಮಾನ ಕೊಡುವ ಪದ್ಧತಿಯನ್ನೂ ಬಿಡೋಣ ಎಂಬುದು ನಮ್ಮ ಅಭಿಪ್ರಾಯ. ಎಣಿಕೆಗೆ ಬಿದ್ದ ಮಗು ತೆಳ್ಳನೆಯ ಪುಸ್ತಕವನ್ನೇ ಹುಡುಕುತ್ತದೆ. ಅದರ ಬದಲು ವಾರಕ್ಕೊಮ್ಮೆ, ತಾನು ಓದಿದ್ದನ್ನು ಐದು ನಿಮಿಷ ಬೇರೆಯವರಿಗೆ ಹೇಳಲಿ. ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದೂ ಹೇಳಲಿ.

ಕೊನೆಗೆ, ಹತ್ತನೆಯ ತರಗತಿ ದಾಟಿದವರಿಗೆಂದು ಒಂದು ಪುಸ್ತಕ ಉಳಿಸಿಕೊಂಡಿದ್ದೇವೆ: ಕಾರಂತರ 'ಬೆಟ್ಟದ ಜೀವ' (1943). ಓಟ ನಿಧಾನ, ತಾಳ್ಮೆ ಬೇಕು. ಸುಬ್ರಹ್ಮಣ್ಯದ ಸುತ್ತಿನ ಕಾಡಿನಲ್ಲಿ ತೋಟ ಎಬ್ಬಿಸಿದ ಗೋಪಾಲಯ್ಯ, ಅವರ ಹೆಂಡತಿ ಶಂಕರಮ್ಮ, ಮನೆ ಬಿಟ್ಟುಹೋದ ಮಗ. ಬಂದ ಅತಿಥಿಗೆ ಮಗನಿಗೆಂಬಂತೆ ಉಪಚಾರ ಮಾಡುವ ಆ ಮುದಿ ದಂಪತಿಗಳನ್ನು ನಮ್ಮ ಮಕ್ಕಳು ಬೇರೆಲ್ಲೂ ಹುಡುಕಬೇಕಾಗಿಲ್ಲ. ಊರಿನಲ್ಲಿ ಫೋನಿನ ಪಕ್ಕ ಕುಳಿತಿರುತ್ತಾರೆ. ಊರು ಬಿಟ್ಟು ಬಂದ ಮಗ ನಾವು. ನಮ್ಮ ಮಕ್ಕಳಿಗೆ ಆ ಪುಸ್ತಕ ಓದಲು ಬಾರದೆ ಹೋದರೆ, ಅಜ್ಜ ಬರೆದಿಟ್ಟ ಒಂದು ಚೀಟಿಯನ್ನೂ ನಾಳೆ ಓದಲು ಬಾರದು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯ ದೀಪದಡಿ ಕನ್ನಡ ಓದಿದವರು. ಅವರಿಗಿದ್ದಷ್ಟು ಕಷ್ಟ ನಮ್ಮ ಮಕ್ಕಳಿಗಿಲ್ಲ.

ಹೊಸ ಪಟ್ಟಿ ಫಲಕದ ಮೇಲಿದೆ. ಪಾಲಕರಲ್ಲಿ ವಿನಂತಿ ಇಷ್ಟೇ: ಮಕ್ಕಳನ್ನು ಬಾಗಿಲಲ್ಲಿ ಬಿಟ್ಟು ಹೋಗಬೇಡಿ. ಒಳಗೆ ಬಂದು ನೀವೂ ಒಂದು ಪುಸ್ತಕ ತೆಗೆದುಕೊಳ್ಳಿ; ರಾತ್ರಿ ಊಟವಾದ ಮೇಲೆ ಅವರ ಪಕ್ಕದಲ್ಲೇ ಕುಳಿತು ಓದಿ.